ಅವರೆಲ್ಲ ಯಾಕೆ ಓಡಿ ಹೋಗಲಿಲ್ಲ?

ಊರಿಂದ ಯಾರೇ ಬರಲಿ, ಫಿಲಡೆಲ್ಫಿಯಾ ತೋರಿಸಿದ ಮಾರನೇ ದಿನ ವ್ಯಾಲಿ ಫೋರ್ಜ್‌ಗೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ನರ ಸುಮಾರು 12,000 ಸೈನಿಕರು 1777ರ ಡಿಸೆಂಬರ್ 19ರಿಂದ ಆರು ತಿಂಗಳು ಬೀಡುಬಿಟ್ಟ ಜಾಗ ಅದು. ಅಲ್ಲಿನ ಮರದ ದಿಮ್ಮಿಯ ಗುಡಿಸಲಿಗೆ ಬಗ್ಗಿ ಹೊಕ್ಕ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: "ಹೊಟ್ಟೆಗಿಲ್ಲ, ಕಾಲಿಗಿಲ್ಲ, ಮೇಲೆ ಈ ಚಳಿ. ಮನೆಗೆ ಯಾಕೆ ಓಡಿ ಹೋಗಲಿಲ್ಲ? ಅಂಥಾದ್ದೇನು ಭಾಷಣ ಮಾಡಿದರು ವಾಷಿಂಗ್ಟನ್?"

ಓಡಿ ಹೋದವರೂ ಇದ್ದರು. ಎಷ್ಟೋ ಅಧಿಕಾರಿಗಳು ರಾಜೀನಾಮೆ ಕೊಟ್ಟು ಮನೆ ಸೇರಿದರು. ಇನ್ನು ಭಾಷಣ, ಪ್ರಾರ್ಥನೆ? ವಾಷಿಂಗ್ಟನ್ ಹಿಮದಲ್ಲಿ ಮಂಡಿಯೂರಿ ಬೇಡಿಕೊಳ್ಳುವ ಚಿತ್ರ ನೀವೂ ನೋಡಿರಬಹುದು. ಅದು ಆಮೇಲೆ ಹುಟ್ಟಿದ ಕಥೆ.

ಅವರು ಬಂದ ತಕ್ಷಣ ಮಾಡಿದ್ದು ಎಲ್ಲರ ಕೈಗೂ ಕೆಲಸ ಕೊಟ್ಟಿದ್ದು. 12 ಜನಕ್ಕೊಂದು ಗುಡಿಸಲು, ಅಳತೆ 14 ಅಡಿಗೆ 16 ಅಡಿ. ಪ್ರತಿ ರೆಜಿಮೆಂಟಿನಲ್ಲೂ ಬೇಗ, ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ. ತಲೆಗೊಂದು ಡಾಲರ್ ಅಷ್ಟೇ! ಆದರೂ ಚಳಿಯಲ್ಲಿ ಸುಮ್ನೆ ಕೂತವನಿಗೂ ಪಕ್ಕದ ತಂಡಕ್ಕಿಂತ ಮೊದಲು ಗೋಡೆ ಎಬ್ಬಿಸಬೇಕು ಅಂತ ಕೊಡಲಿ ಬೀಸುವವನಿಗೂ ವ್ಯತ್ಯಾಸ ಇದೆ, ಅಲ್ವಾ? ಕೆಲಸ ಶುರುವಾದ ಮೊದಲ ದಿನಗಳಲ್ಲಿ ವಾಷಿಂಗ್ಟನ್ ಕೂಡ ಡೇರೆಯಲ್ಲೇ ಇದ್ದರು. ಆಮೇಲೆ ಒಂದು ಕಲ್ಲಿನ ಮನೆಗೆ ಹೋದರು, ನಿಜ.

ಊಟದ ವಿಷಯ ಹೇಳಲೇಬೇಕು. ಹಿಟ್ಟು, ನೀರು ಕಲಸಿ ಬೆಂಕಿಯಲ್ಲಿ ಸುಟ್ಟದ್ದೇ ಎಷ್ಟೋ ದಿನ ಊಟ. ನಮ್ಮ ರೊಟ್ಟಿ ನೆನೆಸಿಕೊಳ್ಳಬೇಡಿ, ಇದಕ್ಕೆ ಎಷ್ಟೋ ಸಲ ಉಪ್ಪೂ ಇರಲಿಲ್ಲ. ಕಾಲಿಗೆ ಬೂಟು, ಮೈಗೆ ಬಟ್ಟೆ ಇಲ್ಲದೆ 2,898 ಜನ ಕೆಲಸಕ್ಕೆ ಬಾರದೆ ಕೂತಿದ್ದಾರೆ ಅಂತ ಡಿಸೆಂಬರ್ 23ರಂದು ವಾಷಿಂಗ್ಟನ್ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಅಂದಿನ ಆಡಳಿತ ಸಭೆಗೆ, ಬರೆದರು. ವಿಚಿತ್ರ ಅಂದರೆ, ಸುತ್ತಲಿನದು ಬರಗಾಲದ ಸೀಮೆ ಅಲ್ಲ. ಗಾಡಿ, ಕುದುರೆ, ಒಳ್ಳೇ ದಾರಿ ಯಾವುದೂ ಸಾಲದು. ರೈತರಿಗೆ ಕಾಂಗ್ರೆಸ್ಸಿನ ಕಾಗದದ ದುಡ್ಡಿಗಿಂತ ಫಿಲಡೆಲ್ಫಿಯಾದಲ್ಲಿದ್ದ ಬ್ರಿಟಿಷರ ನಾಣ್ಯವೇ ಇಷ್ಟ. ಮಾರ್ಚ್‌ನಲ್ಲಿ ಸಾಗಣೆಯ ಹೊಣೆ ನಥಾನಿಯಲ್ ಗ್ರೀನ್ ಕೈಗೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಗ್ರೀನ್‌ಗೆ ಈ ಕೆಲಸ ಮನಸ್ಸಿರಲಿಲ್ಲ, ಅವರಿಗೆ ಬೇಕಿದ್ದದ್ದು ರಣರಂಗ. ನನ್ನ ಕೇಳಿದರೆ, ಸೈನಿಕರ ಧೈರ್ಯ ಉಳಿಸಿದ್ದರಲ್ಲಿ ಅವರ ಗಾಡಿಗಳ ಪಾಲೇ ಜಾಸ್ತಿ.

ನನಗೆ ತುಂಬಾ ಇಷ್ಟವಾದ ಆಸಾಮಿ ಮಾತ್ರ ಬೇರೆ. ಫ್ರೆಡ್ರಿಕ್ ಫಾನ್ ಸ್ಟೂಬೆನ್, ಪ್ರಷ್ಯಾ ಎಂಬ ಜರ್ಮನ್ ರಾಜ್ಯದವನು. ಫೆಬ್ರವರಿ 23ರಂದು ಬಂದ. ಇಂಗ್ಲಿಷ್ ಬರುತ್ತಿರಲಿಲ್ಲ. ಸುಮಾರು ನೂರು ಜನರ ಒಂದು ತುಕಡಿ ಆರಿಸಿ ತಾನೇ ಬಂದೂಕು ಹಿಡಿದು ಕವಾಯತು ಕಲಿಸಿದ. ಅಲ್ಲಿಯ ತನಕ ಅದು ಸಾರ್ಜೆಂಟ್‌ಗಳ ಕೆಲಸ, ದೊಡ್ಡವರು ಕೈ ಹಾಕುತ್ತಿರಲಿಲ್ಲ. ಯಾರಾದರೂ ಹೆಜ್ಜೆ ತಪ್ಪಿದರೆ ಜರ್ಮನ್‌ನಲ್ಲಿ ಬೈಯುವುದು, ಫ್ರೆಂಚ್‌ನಲ್ಲಿ ಬೈಯುವುದು. ಎರಡೂ ಮುಗಿದ ಮೇಲೆ, "ನನ್ನ ಪರವಾಗಿ ಇಂಗ್ಲಿಷಿನಲ್ಲಿ ಬೈಯಪ್ಪಾ" ಅಂತ ಸಹಾಯಕನನ್ನು ಕರೆಯುವುದು. ಸಿಪಾಯಿಗಳು ನಗುತ್ತಿದ್ದರು. ಯುರೋಪಿನಲ್ಲಿ 'ಮಾಡು' ಅಂದರೆ ಸಾಕು, ಇಲ್ಲಿಯವರಿಗೆ 'ಯಾಕೆ' ಅಂತಲೂ ಹೇಳಬೇಕು ಎನ್ನುವುದನ್ನು ಆತ ಕಂಡುಕೊಂಡಿದ್ದ.

ಆತನ ಮನೆಯಲ್ಲಿ ಒಂದು ಔತಣ ನಡೆದಿತ್ತು. ಷರತ್ತು ಏನು ಗೊತ್ತಾ? ಹರಿಯದ ಚಡ್ಡಿ ಹಾಕಿಕೊಂಡವರಿಗೆ ಒಳಗೆ ಪ್ರವೇಶವಿಲ್ಲ! ಯುವ ಅಧಿಕಾರಿಗಳು ತೇಪೆ, ತೂತಿನ ಬಟ್ಟೆಯಲ್ಲೇ ಬಂದು ಗಟ್ಟಿ ಮಾಂಸ, ಆಲೂಗಡ್ಡೆ ತಿಂದು ನಕ್ಕರು. ನಾಚಿಕೆಪಡಬೇಕಾದ ಹರಕು ಬಟ್ಟೆಯೇ ಆ ರಾತ್ರಿ ಒಳಗೆ ಹೋಗುವ ಟಿಕೆಟ್ಟು.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಈ ಕವಾಯತು ಜುಟ್ಟಿಗೆ ಮಲ್ಲಿಗೆಯ ಹಾಗಲ್ವಾ ಅಂತ ನಮ್ಮ ಸೋದರಮಾವ ಕೇಳಿದ್ದರು. ಒಳ್ಳೇ ಪ್ರಶ್ನೆಯೇ. ಜಾಸ್ತಿ ಜನ ಸತ್ತದ್ದು ಕೊರೆಯುವ ಚಳಿಯಲ್ಲಲ್ಲ, ಚಳಿ ಇಳಿದ ಮೇಲೆ, ಟೈಫಸ್, ಭೇದಿಯಂಥ ಕಾಯಿಲೆಗಳಿಂದ. ಒಟ್ಟು ಸಾವು 2,000ದ ಆಸುಪಾಸು. ಕವಾಯತು ಅವರನ್ನು ಉಳಿಸಲಿಲ್ಲ. ಆದರೆ ಉಳಿದವರಿಗೆ ಒಂದು ಬದಲಾವಣೆ ಕಣ್ಣಿಗೆ ಕಾಣುತ್ತಿತ್ತು: ನಿನ್ನೆ ಬಾರದ ಹೆಜ್ಜೆ ಇವತ್ತು ಬರುತ್ತಿತ್ತು.

ಮೈಸೂರು ಕಡೆಯ ನೆಂಟರಿಗೆ ಇನ್ನೊಂದು ಮಾತು ಹೇಳದೆ ಬಿಡುವುದಿಲ್ಲ. ಈ ಬೀಡಿಗೆ ಮೂರು ತಿಂಗಳ ಮೊದಲು, ಬ್ರಾಂಡಿವೈನ್‌ನಲ್ಲಿ ವಾಷಿಂಗ್ಟನ್ನರನ್ನು ಸೋಲಿಸಿದ ಸೈನ್ಯದಲ್ಲಿ ಕಾರ್ನ್‌ವಾಲಿಸ್ ಇದ್ದ. ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದನಲ್ಲ, ಅವನೇ. ಅಲ್ಲಿಂದ ಗುಡಿಸಲು ಮರೆತು ಮಾತೆಲ್ಲ ಟಿಪ್ಪು ಕಡೆ ತಿರುಗುತ್ತದೆ!

ಮೇ 6ರಂದು ಫ್ರಾನ್ಸ್ ಜೊತೆಗಾದ ಒಪ್ಪಂದದ ಸಂಭ್ರಮ. ಸಾಲುಸಾಲಾಗಿ ನಿಂತು, ಒಬ್ಬರ ಹಿಂದೊಬ್ಬರು ಎಡೆಬಿಡದೆ ಗುಂಡು ಹಾರಿಸಿದರು. ಸ್ಟೂಬೆನ್ ಕಲಿಸಿದ್ದು ಎಲ್ಲರ ಕಣ್ಣಿಗೂ ಬಿತ್ತು. ಜೂನ್ 19ಕ್ಕೆ ಹೊರಟವರು 28ರಂದು ನ್ಯೂಜೆರ್ಸಿಯ ಮನ್ಮತ್‌ನಲ್ಲಿ ನಡೆದ ಕದನದಲ್ಲಿ ಬ್ರಿಟಿಷರ ಎದುರು ಸಾಲು ಮುರಿಯದೆ ನಿಂತರು. ಅವತ್ತು ಎಂಥ ಬಿಸಿಲು ಅಂದರೆ, ಎರಡೂ ಕಡೆ ಗುಂಡೇಟು ಬೀಳದೆಯೇ ಎಷ್ಟೋ ಸಿಪಾಯಿಗಳು ಕುಸಿದು ಸತ್ತರು.