ಒಂಟೆ ಜೇಡಗಳ ವೀಕ್ಷಣೆ: ಮೂರನೆಯ ತಿಂಗಳ ದಾಖಲೆ

ಕುವೈತಿನ ಜಹ್ರಾ ಕಡೆಗಿರುವ ನಮ್ಮ ಕ್ಯಾಂಪಿನ ಬೇಲಿ ದಾಟಿದರೆ ಮರಳುಗಾಡು. ಬೇಲಿಯ ದೀಪಗಳಿಗೆ ಮುತ್ತುವ ಹುಳುಗಳನ್ನು ಹಿಡಿಯಲು ರಾತ್ರಿ ಹೊತ್ತು ಒಂಟೆ ಜೇಡಗಳು ಬರುತ್ತವೆ. ಅವು ಕಂಡಲ್ಲೆಲ್ಲ ಚಪ್ಪಲಿಯ ಏಟಿಗೆ ಸಾಯುತ್ತಿದ್ದುದನ್ನು ನೋಡಲಾಗದೆ, ಅವುಗಳ ಮೇಲೆ ಹೊರಿಸಿರುವ ಮಾತುಗಳಲ್ಲಿ ನಿಜವೆಷ್ಟು ಎಂಬುದನ್ನು ಕಣ್ಣಾರೆ ಕಂಡು ಬರೆದಿಡಬೇಕೆಂದು ಏಪ್ರಿಲ್‌ನಲ್ಲಿ ಈ ಕೆಲಸವನ್ನು ಆರಂಭಿಸಿದೆ. ಈವರೆಗೆ 31 ರಾತ್ರಿ ಕಾದಿದ್ದೇನೆ. 14 ರಾತ್ರಿ ಅವು ಕಾಣಿಸಿಕೊಂಡಿವೆ.

ಹೆಸರಿನಲ್ಲಿ ಜೇಡವಿದ್ದರೂ ಇದು ಜೇಡವಲ್ಲ. ಜೇಡ, ಚೇಳು, ಉಣ್ಣೆಗಳಿರುವ ದೊಡ್ಡ ವರ್ಗಕ್ಕೇ ಸೇರಿದ್ದರೂ ಸೋಲಿಫ್ಯೂಗೇ ಎಂಬ ಬೇರೆಯದೇ ಗಣದ ಜೀವಿ. ಲ್ಯಾಟಿನ್ ಮೂಲದ ಆ ಹೆಸರಿಗೆ ‘ಸೂರ್ಯನಿಂದ ಓಡುವವು’ ಎಂಬ ಅರ್ಥವಿದೆ. ಇದು ಬಲೆ ನೇಯುವುದಿಲ್ಲ, ಏಕೆಂದರೆ ನೂಲು ತೆಗೆಯುವ ಅಂಗವೇ ಇದಕ್ಕಿಲ್ಲ. ಹತ್ತು ಕಾಲುಗಳಿರುವಂತೆ ಕಂಡರೂ ಮುಂದಿನ ಜೋಡಿ ಕಾಲುಗಳಲ್ಲ, ತಡವಿ ತಿಳಿಯುವ ಸ್ಪರ್ಶಾಂಗಗಳು. ಅವುಗಳ ತುದಿಯಲ್ಲಿ ಅಂಟಿಕೊಳ್ಳುವ ಮೆತ್ತೆಗಳಿವೆ ಎಂಬುದನ್ನು ಎರಡನೆಯ ವಾರದಲ್ಲಿ ಸ್ವತಃ ಕಂಡೆ: ಅಳತೆಗೆಂದು ಗಾಜಿನ ಬಟ್ಟಲಿನಲ್ಲಿ ಬಿಟ್ಟಿದ್ದ ಜೇಡ ನುಣುಪಾದ ಗೋಡೆಯನ್ನು ಹತ್ತಿ ಹೊರಗೆ ಹೋಯಿತು. ಅಂದಿನಿಂದ ಮುಚ್ಚಳವಿಲ್ಲದ ಪಾತ್ರೆಯನ್ನು ಬಳಸಿಲ್ಲ.

ಈ ತಿಂಗಳ ಹೆಚ್ಚಿನ ಸಮಯ ಹೋದದ್ದು ‘ಅಟ್ಟಿಸಿಕೊಂಡು ಬರುತ್ತದೆ’ ಎಂಬ ಆರೋಪವನ್ನು ಪರೀಕ್ಷಿಸಲು. “ಅಣ್ಣಾರ, ನಾ ಓಡಿದ್ರ ಅದೂ ಬೆನ್ನತ್ತಿ ಬಂತ್ರಿ” ಎಂದು ರಾಯಚೂರು ಕಡೆಯ ಸಹೋದ್ಯೋಗಿಯೊಬ್ಬರು ಹೇಳಿದಾಗ ಅವರು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಹಿಂದೆಯೂ ಅದು ಬಂದಿತ್ತು. ಬೆಳಗಿನ ಆರೂವರೆಗೆ ಹಳೆಯ ಪ್ಲೈವುಡ್ ಹಲಗೆಯೊಂದನ್ನು ಎತ್ತಿದಾಗ ಕೆಳಗಿದ್ದ ಜೇಡ ಬಿಸಿಲಿಗೆ ಬೆದರಿ ನೇರವಾಗಿ ನನ್ನ ಉದ್ದನೆಯ ನೆರಳಿನೊಳಕ್ಕೆ ನುಗ್ಗಿತು. ನಾನು ಪಕ್ಕಕ್ಕೆ ಸರಿದೆ, ನೆರಳೂ ಸರಿಯಿತು, ಜೇಡವೂ ಸರಿಯಿತು. ಮರುದಿನ ಸಿಕ್ಕಿದ ಇನ್ನೊಂದರ ಮುಂದೆ ದೊಡ್ಡ ರಟ್ಟಿನ ಹಾಳೆಯೊಂದನ್ನು ಕೋಲಿಗೆ ಕಟ್ಟಿ, ಅದರ ನೆರಳು ನನ್ನಿಂದ ದೂರಕ್ಕೆ ಬೀಳುವಂತೆ ಹಿಡಿದಾಗ ಅದು ನನ್ನತ್ತ ತಿರುಗಿಯೂ ನೋಡದೆ ರಟ್ಟಿನ ನೆರಳನ್ನು ಸೇರಿತು. ಈವರೆಗೆ ಮೂರು ಜೇಡಗಳೊಂದಿಗೆ ಇದನ್ನು ಮಾಡಿದ್ದೇನೆ. ಮೂರೂ ಹೀಗೆಯೇ ವರ್ತಿಸಿದವು. ಓಡುವ ಮನುಷ್ಯನೊಂದಿಗೆ ಅವನ ನೆರಳೂ ಓಡುವುದರಿಂದ, ತಂಪಿಗಾಗಿ ಹಾತೊರೆಯುವ ಜೀವಿ ಬೇಟೆಗಾರನಂತೆ ತೋರುತ್ತದೆ. ಒಂಟೆಯ ಹೊಟ್ಟೆಯನ್ನು ಕೆಳಗಿನಿಂದ ಕೊರೆದು ತಿನ್ನುತ್ತದೆಂಬ ಕಥೆಯೂ ನಿಂತ ಒಂಟೆಯ ನೆರಳಿನಲ್ಲಿ ಇವು ಕಂಡದ್ದರಿಂದಲೇ ಹುಟ್ಟಿರಬೇಕೆಂಬುದು ನನ್ನ ಊಹೆ.

ವೇಗದ ಅಳತೆಯೂ ಮುಗಿಯಿತು. ಗಂಟೆಗೆ 40 ಕಿಲೋಮೀಟರ್ ಓಡುತ್ತದೆಂಬ ಮಾತಿದೆ. ನೆಲದ ಮೇಲೆ ಎರಡು ಮೀಟರ್ ಗುರುತು ಹಾಕಿ, ಸೆಕೆಂಡಿಗೆ 30 ಚೌಕಟ್ಟುಗಳಲ್ಲಿ ಚಿತ್ರೀಕರಿಸಿ ಎಣಿಸಿದಾಗ, ನಾನು ಕಂಡ ಅತಿ ವೇಗದ ಜೇಡ ಆ ದೂರವನ್ನು 54 ಚೌಕಟ್ಟುಗಳಲ್ಲಿ, ಅಂದರೆ 1.8 ಸೆಕೆಂಡಿನಲ್ಲಿ ದಾಟಿತು. ಲೆಕ್ಕಕ್ಕೆ ಗಂಟೆಗೆ 4 ಕಿಲೋಮೀಟರ್, ನಾವು ನಡೆಯುವ ವೇಗ. ಪುಸ್ತಕಗಳಲ್ಲಿ ಗರಿಷ್ಠವೆಂದು ಹೇಳುವ 16 ಕಿಲೋಮೀಟರ್ ಕೂಡ ಆ ಮಾತಿನ ಅರ್ಧಕ್ಕಿಂತ ಕಡಿಮೆ.

ಗಾತ್ರದ ವಿಷಯ. ನನಗೆ ಸಿಕ್ಕ ದೊಡ್ಡದರ ದೇಹ 5 ಸೆಂಟಿಮೀಟರ್, ಕಾಲು ಚಾಚಿದಾಗ 12. ಊಟದ ತಟ್ಟೆಯಷ್ಟು ದೊಡ್ಡದೆಂಬ ನಂಬಿಕೆ 1990–91ರ ಕೊಲ್ಲಿ ಯುದ್ಧದ ಸೈನಿಕರ ಮಾತುಗಳಿಂದ ಹಬ್ಬಿ, 2004ರಲ್ಲಿ ಇರಾಕಿನಿಂದ ಹೊರಬಂದ ಒಂದು ಚಿತ್ರದಿಂದ ಗಟ್ಟಿಯಾಯಿತು. ಅದರಲ್ಲಿ ಒಂದನ್ನೊಂದು ಕಚ್ಚಿ ಹಿಡಿದು ನೇತಾಡುವ ಎರಡು ಜೇಡಗಳು ಕ್ಯಾಮೆರಾಕ್ಕೆ ತೀರ ಹತ್ತಿರದಲ್ಲಿದ್ದು, ಸೈನಿಕನ ಕಾಲಿನಷ್ಟು ಉದ್ದ ಕಾಣುತ್ತವೆ. ಕೋಲಿನ ತುದಿಯಲ್ಲಿ ಕುಳಿತ ಜೇಡವೊಂದನ್ನು ಮಸೂರದ ಬಳಿಗೆ ತಂದು, ನನ್ನ ಬೂಟನ್ನು ಹಿಂದೆ ಎರಡು ಮೀಟರ್ ದೂರದಲ್ಲಿಟ್ಟು ತೆಗೆದ ನನ್ನ ಚಿತ್ರದಲ್ಲಿ ಜೇಡವೇ ಬೂಟಿಗಿಂತ ದೊಡ್ಡದಾಗಿ ಬಂದಿದೆ. ಕ್ಯಾಂಪಿನಲ್ಲಿ ಯಾವ ವಿವರಣೆಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಈ ಚಿತ್ರವೇ.

ನಿದ್ದೆಯಲ್ಲಿರುವವರಿಗೆ ಮರಗಟ್ಟಿಸುವ ವಿಷ ಚುಚ್ಚಿ ಮಾಂಸ ತಿನ್ನುತ್ತದೆಂಬುದು ಎಲ್ಲಕ್ಕಿಂತ ಕ್ರೂರವಾದ ಸುಳ್ಳು. ಇವುಗಳಿಗೆ ವಿಷಗ್ರಂಥಿ ಇಲ್ಲ. ಭಾರತದ ಒಂದು ಪ್ರಭೇದದಲ್ಲಿ ವಿಷವಿದೆಯೆಂದು 1978ರಲ್ಲಿ ಒಂದು ಪ್ರಬಂಧ ಪ್ರಕಟವಾಗಿತ್ತಾದರೂ ಅದು ಮುಂದೆ ದೃಢಪಟ್ಟಿಲ್ಲ. ಹಾಗೆಂದು ಕೈಯಲ್ಲಿ ಹಿಡಿಯಬಾರದು. ಕತ್ತರಿಯಂತಹ ಜೋಡಿ ದವಡೆಗಳು ಚರ್ಮವನ್ನು ಸೀಳಬಲ್ಲವು, ಗಾಯ ಕೀವಾಗಬಹುದು. ಕಚ್ಚಿಸಿಕೊಂಡವರು ಸೋಪುನೀರಿನಿಂದ ಚೆನ್ನಾಗಿ ತೊಳೆಯಬೇಕು. ಜೀರುಂಡೆಯೊಂದನ್ನು ಅದು ತಿನ್ನುವಾಗ ಹುರಿಗಡಲೆ ಅಗಿದಂತೆ ಕಟಕಟ ಸದ್ದು ನನಗೆ ಒಂದು ಮೀಟರ್ ದೂರದಿಂದಲೂ ಕೇಳಿಸಿತು. ಹಾಗೆ ಅಗಿದಗಿದು ನುಣ್ಣಗಾದದ್ದರ ರಸವನ್ನು ಅದು ಹೀರುತ್ತದೆ.

ಜುಲೈನಲ್ಲಿ ನೆರಳಿನ ಪರೀಕ್ಷೆಯನ್ನು ಇನ್ನೂ ಏಳು ಜೇಡಗಳೊಂದಿಗೆ ಮಾಡಬೇಕು. ಈ ಬಾರಿ ರಟ್ಟಿನ ಜೊತೆಗೆ, ನೆರಳು ಬೀಳಿಸದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೂ ಅಲುಗಾಡಿಸಿ ನೋಡುತ್ತೇನೆ. ಅವು ಚಲನೆಯನ್ನು ಹಿಂಬಾಲಿಸುತ್ತವೆಯೋ ನೆರಳನ್ನೋ ಎಂಬುದು ಆಗ ಬೇರೆಬೇರೆಯಾಗಿ ತಿಳಿಯುತ್ತದೆ. ರಾಯಚೂರಿನ ಸಹೋದ್ಯೋಗಿ ಹಾಳೆ ಹಿಡಿಯಲು ಒಪ್ಪಿದ್ದಾರೆ.