ಹಡಗಿನಲ್ಲಿ ಬಂದ ಹುಡುಗ

14 ನವೆಂಬರ್ 2024, ಗುರುವಾರ

ಐದು ಗಂಟೆಗೇ ಪೂರ್ತಿ ಕತ್ತಲು. ಅಸೆನ್‌ನಿಂದ ಬಸ್ಸಿನಲ್ಲಿ ವಾಪಸು ಬರುವಾಗ ಕಾಲುವೆಯ ಉದ್ದಕ್ಕೂ ಮನೆಗಳಲ್ಲಿ ದೀಪ ಹತ್ತಿದ್ದವು. ಚೀಲದಲ್ಲಿ ನಾಲ್ಕು ಹಾಳೆಯ ಪ್ರಿಂಟ್ ಇತ್ತು. ಅದನ್ನು ಅತ್ತೆಗೆ ಹೇಗೆ ತೋರಿಸಲಿ ಅನ್ನುವುದೊಂದೇ ದಾರಿಯುದ್ದಕ್ಕೂ ಯೋಚನೆ.

ಅತ್ತೆ, ಅಂದರೆ ನನ್ನ ಡಚ್ ಗಂಡನ ತಾಯಿ, ಅವರಿಗೆ ಈಗ 83. ಅವರ ತವರಿನಲ್ಲಿ ಹಿಂದಿನಿಂದ ಬಂದ ಒಂದು ಮಾತಿದೆ: "ನಮ್ಮ ಹಿರಿಯ ಹಡಗಿನಲ್ಲಿ ಬಂದವನು." ಎಲ್ಲಿಂದ ಬಂದ, ಯಾಕೆ ಬಂದ, ಯಾರೂ ಹೇಳಿದ್ದಿಲ್ಲ. ನಾವಿಕನಿರಬೇಕು ಅಂತ ಅವರ ತಂದೆ ನಂಬಿದ್ದರು. ಮನೆಯ ಗೋಡೆಗೆ ಹಾಯಿಹಡಗಿನ ಚಿತ್ರವನ್ನೂ ಹಾಕಿದ್ದರು. ನನಗೆ ಮೊದಲಿನಿಂದಲೂ ಇದು ಒಗಟು. ನೆದರ್‌ಲೆಂಡ್ಸ್‌ನ ಈ ಡ್ರೆಂಟೆ ಪ್ರಾಂತ್ಯಕ್ಕೆ ಸಮುದ್ರವೇ ತಾಗುವುದಿಲ್ಲ. ಮರಳು ನೆಲ, ಕುರಿ ಮೇಯುವ ಬಯಲು, ಜೌಗು. ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ, ದೋಣಿ ತುಂಬಿಸಿ ಊರೂರಿಗೆ ಉರುವಲಾಗಿ ಕಳಿಸುತ್ತಿದ್ದ ಬಡ ಸೀಮೆ. ನಾವಿಕನೊಬ್ಬ ಇಲ್ಲಿಗೆ ಬಂದು ನೆಲೆ ನಿಲ್ಲುವುದೆಂದರೇನು?

ಎರಡು ವರ್ಷದ ಹಿಂದೆ ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನನ್ನ ಕಡೆಯದು ಐದು ತಲೆಮಾರು ಸಿಕ್ಕಿತು, ಅದೂ ಹೆಳವರಿಂದ. ಹಾವೇರಿ ಕಡೆ ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಬರುತ್ತಿದ್ದ. ಗಂಟೆಯ ಸದ್ದು ಕೇಳಿದ ಕೂಡಲೇ ಅವ್ವ ಮೊರದಲ್ಲಿ ಜೋಳ ತುಂಬಿಡುತ್ತಿದ್ದಳು. ಅವನು ಹೊತ್ತಿಗೆ ಬಿಚ್ಚಿ ಇಂಥವನ ಮಗ ಇಂಥವನು ಅಂತ ಒಂದೇ ಉಸಿರಿಗೆ ಓದುತ್ತಿದ್ದ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಕೇಳಿದ ನೆನಪು ನನಗಿಲ್ಲ. ಮಗಳ ಅಪ್ಪನ ಕಡೆಯದು ಅಜ್ಜನ ಹೆಸರಿಗೇ ನಿಂತಿತ್ತು. ಅಲ್ಲಿಂದ ಹಿಡಿದೆ ಈ ಕೆಲಸ.

ಡಚ್ಚರ ಕಾಗದಪತ್ರ ಎಷ್ಟು ಅಚ್ಚುಕಟ್ಟು ಅಂತ ಆಮೇಲೆ ಗೊತ್ತಾಯಿತು. 1811ರಲ್ಲಿ ಈ ನಾಡು ನೆಪೋಲಿಯನ್ನನ ಕೈಯಲ್ಲಿದ್ದಾಗ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ದಾಖಲೆ ದೇಶದ ಬಹುಪಾಲು ಕಡೆ ಶುರುವಾಯಿತು. ಅದೇ ವರ್ಷ ಆಗಸ್ಟ್ 18ರ ಆಜ್ಞೆಯಂತೆ ಮನೆತನದ ಹೆಸರಿಲ್ಲದವರೆಲ್ಲ ಒಂದು ಹೆಸರು ಇಟ್ಟುಕೊಳ್ಳಬೇಕಾಯಿತು. ಅದಕ್ಕೂ ಮೊದಲು ಈ ಹಳ್ಳಿಗಳಲ್ಲಿ ನಮ್ಮ ಹಾಗೇ, ಅಪ್ಪನ ಹೆಸರೇ ಮಗನ ಹೆಸರಿನ ಜತೆಗೆ: ಹೆಂಡ್ರಿಕ್‌ನ ಮಗ ಯಾನ್ ಅಂದರೆ ಯಾನ್ ಹೆಂಡ್ರಿಕ್ಸ್, ಅವನ ಮಗ ಹೆಂಡ್ರಿಕ್ ಯಾನ್ಸ್. ಹುಟ್ಟಿನ ದಾಖಲೆ ನೂರು ವರ್ಷ ಕಳೆದ ಮೇಲೆ, ಮದುವೆಯದು 75, ಸಾವಿನದು 50 ವರ್ಷದ ಮೇಲೆ ಯಾರು ಬೇಕಾದರೂ ನೋಡಬಹುದು. ಬಹಳಷ್ಟು ಸ್ಕ್ಯಾನ್ ಆಗಿ ಇಂಟರ್ನೆಟ್‌ನಲ್ಲೇ ಸಿಗುತ್ತವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಈ ದಾಖಲೆಗಳಲ್ಲಿ ಹೆಂಗಸು ಸಾಯುವವರೆಗೂ, ಸತ್ತ ಮೇಲೂ ತವರಿನ ಹೆಸರಿನಲ್ಲೇ ಇರುತ್ತಾಳೆ. ಹಾಗಾಗಿ ಅವ್ವ, ಅವ್ವನ ಅವ್ವ ಅಂತ ಹಿಂದೆ ಹಿಂದೆ ಹೋಗಬಹುದು.

ಹೋದ ಚಳಿಗಾಲದಲ್ಲಿ ಸಿಕ್ಕಿದ್ದು ಅತ್ತೆಯ ಅಜ್ಜನ ಅಜ್ಜನ ಮದುವೆಯ ದಾಖಲೆ, 1845ರದು. ಆರು ತಿಂಗಳು ಹುಡುಕಿದ್ದೆ. ಗುಮಾಸ್ತ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದ, ಒಂದು ಅಕ್ಷರದ ವ್ಯತ್ಯಾಸಕ್ಕೆ ನನ್ನ ಆರು ತಿಂಗಳು ಹೋಯಿತು. ಕಸುಬು: ಕೂಲಿ. ಕೆಳಗೆ ವಧು "ಬರೆಯಲು ಬಾರದೆಂದು ತಿಳಿಸಿದಳು" ಅಂತಿದೆ. ವರ ಮಾತ್ರ ಸಹಿ ಮಾಡಿದ್ದಾನೆ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ದುಂಡಗೆ, ಶಾಲೆಯ ಮಗುವಿನ ಕಾಪಿಪುಸ್ತಕದ ಹಾಗೆ. ಜೌಗಿನಲ್ಲಿ ಮಣ್ಣು ಕಡಿಯುವ ಕೂಲಿಯಾಳಿಗೆ ಇಷ್ಟು ಚೆಂದ ಬರೆಯಲು ಯಾರು ಕಲಿಸಿದರು?

ಮದುವೆಯ ದಾಖಲೆಯ ಹಿಂದೆ ಲಗತ್ತುಗಳ ಒಂದು ಕಟ್ಟು ಇರುತ್ತದೆ. ನಿಜವಾದ ಬೇರು ಅದರಲ್ಲಿ. ವಧೂವರರ ಜನನ ಪತ್ರ, ತಂದೆತಾಯಿ ತೀರಿಹೋಗಿದ್ದರೆ ಅವರ ಮರಣ ಪತ್ರ, ಶುಲ್ಕ ಕಟ್ಟಲು ಗತಿಯಿಲ್ಲ ಅನ್ನುವ ಬಡತನದ ಪತ್ರ, ಗಂಡಸಾಗಿದ್ದರೆ ಸೈನ್ಯಕ್ಕೆ ಯಾರು ಸೇರಬೇಕೆಂದು ಚೀಟಿ ಎತ್ತಿದ ಪ್ರಮಾಣಪತ್ರ. ಆ ಕೊನೆಯ ಕಾಗದ ನೋಡುವಾಗ ನನ್ನ ಕೈ ನಡುಗಿತ್ತು, ಯಾಕೆಂದರೆ ಫೋಟೋ ಇಲ್ಲದ ಕಾಲದಲ್ಲಿ ಅದೇ ಫೋಟೋ. ಎತ್ತರ: 1 ಎಲ್, 5 ಪಾಮ್, 9 ಡೊಯ್ಮ್. ಆಗ ಮೀಟರಿಗೆ ಎಲ್ ಅಂತಲೂ ಹತ್ತು ಸೆಂಟಿಮೀಟರಿಗೆ ಪಾಮ್ ಅಂತಲೂ ಸೆಂಟಿಮೀಟರಿಗೆ ಡೊಯ್ಮ್ ಅಂತಲೂ ಹಳೆಯ ಹೆಸರುಗಳನ್ನೇ ಇಟ್ಟಿದ್ದರು. ಅಂದರೆ 159 ಸೆಂಟಿಮೀಟರ್, ನನ್ನಷ್ಟೇ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ನನ್ನ ಗಂಡನ ವಂಶದ ಹಿರಿಯ. ಮುಖ ಉದ್ದ. ಹಣೆ ಅಗಲ. ಕಣ್ಣು ಬೂದು ಬಣ್ಣ. ಮೂಗು ಸಾಧಾರಣ. ಕೂದಲು ಕಂದು. ಎದ್ದು ಕಾಣುವ ಗುರುತು: ಸಿಡುಬಿನ ಕಲೆ.

ಜನನ ಪತ್ರ ಆಮ್‌ಸ್ಟರ್‌ಡ್ಯಾಮಿನದು, 1818. ತಂದೆತಾಯಿಯ ಮರಣ ಪತ್ರಗಳೂ ಅಲ್ಲಿಯವೇ, ಎರಡರ ನಡುವೆ ಹದಿನಾಲ್ಕು ತಿಂಗಳು. ಅಜ್ಜ ಅಜ್ಜಿಯರು ಎಲ್ಲಿ ಸತ್ತರೋ ತಿಳಿಯದು ಅಂತ ಮದುವೆಯ ಸಾಕ್ಷಿಗಳು ಆಣೆ ಮಾಡಿ ಹೇಳಿದ್ದಾರೆ. ಅಂದರೆ ಅನಾಥ. ಆಮ್‌ಸ್ಟರ್‌ಡ್ಯಾಮಿನ ಅನಾಥ ಹುಡುಗ ಡ್ರೆಂಟೆಯಲ್ಲಿ ಏನು ಮಾಡುತ್ತಿದ್ದ ಅನ್ನುವುದಕ್ಕೆ ಆ ಕಾಲದಲ್ಲಿ ಇದ್ದ ಉತ್ತರ ಹೆಚ್ಚುಕಡಿಮೆ ಒಂದೇ: ಫೇನ್‌ಹೊಯ್ಜೆನ್.

ಇಲ್ಲಿಯವರಿಗೆ ಈ ಹೆಸರು ಸಾಕು, ನಮ್ಮವರಿಗೆ ಸ್ವಲ್ಪ ಹೇಳಬೇಕು. ನೆಪೋಲಿಯನ್ನನ ಯುದ್ಧಗಳು ಮುಗಿಯುವ ಹೊತ್ತಿಗೆ ಹಾಲೆಂಡಿನ ಪಟ್ಟಣಗಳಲ್ಲಿ ಬಡತನ ಹೇಳತೀರದಷ್ಟು. 1818ರಲ್ಲಿ ಯೊಹಾನೆಸ್ ಫಾನ್ ಡೆನ್ ಬೋಸ್ ಎಂಬ ಸೇನಾಧಿಕಾರಿ ಪರೋಪಕಾರ ಸಂಘವೊಂದನ್ನು ಕಟ್ಟಿದ. ಬಡವರನ್ನು ಡ್ರೆಂಟೆಯ ಬಂಜರಿಗೆ ತಂದು, ಮನೆ ಹೊಲ ಕೊಟ್ಟು, ದುಡಿಸಿ ಸರಿದಾರಿಗೆ ತರುವುದು ಅವನ ಯೋಜನೆ. ಇದೇ ಮನುಷ್ಯ 1830ರಲ್ಲಿ ಡಚ್ಚರ ಕೈಯಲ್ಲಿದ್ದ ಜಾವಾಕ್ಕೆ ಗವರ್ನರ್ ಜನರಲ್ ಆಗಿ ಹೋಗಿ ಅಲ್ಲಿಯ ರೈತರ ಮೇಲೆ ಸರ್ಕಾರ ಹೇಳಿದ ಬೆಳೆ ಬೆಳೆಯುವ ಕಟ್ಟಳೆ ಹೇರಿದವನು. ಅದು ಗೊತ್ತಾದ ಮೇಲೆ ಅವನ ಪರೋಪಕಾರವನ್ನು ಕಣ್ಣು ಮುಚ್ಚಿ ಒಪ್ಪಲು ನನ್ನಿಂದ ಆಗಿಲ್ಲ. ಮೊದಲ ವಸಾಹತು ಫ್ರೆಡರಿಕ್ಸೋರ್ಡ್‌ನಲ್ಲಿ ಕುಟುಂಬಗಳಿಗೆ ಪುಟ್ಟ ಮನೆಗಳಿದ್ದವು. 1823ರಲ್ಲಿ ಶುರುವಾದ ಫೇನ್‌ಹೊಯ್ಜೆನ್ ಬೇರೆಯೇ. ಮೂರು ದೊಡ್ಡ ಚೌಕಾಕಾರದ ಕಟ್ಟಡ, ನಡುವೆ ಅಂಗಳ. ಭಿಕ್ಷುಕರು, ಅನಾಥರು, ಬೀದಿಯಲ್ಲಿ ಸಿಕ್ಕ ಕೂಸುಗಳು. ಹಜಾರದಲ್ಲಿ ಸಾಲುಸಾಲು ಜೋಲಿ ಕಟ್ಟಿ ಮಲಗುವುದು, ಆ ಜಾಗದ ಆಚೆ ನಡೆಯದ ಬೇರೆ ನಾಣ್ಯ. ಪಟ್ಟಣದ ಅನಾಥಾಲಯಗಳಿಂದ ಆರು ದಾಟಿದ ಮಕ್ಕಳನ್ನು ತಂಡ ತಂಡವಾಗಿ ಕಳಿಸಿದರು. ಶಾಲೆ ಮಾತ್ರ ಎಲ್ಲ ಮಕ್ಕಳಿಗೂ ಕಡ್ಡಾಯ, ದೇಶದಲ್ಲಿ ಅಂಥ ಕಾನೂನು ಬರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ. ಆ ದುಂಡನೆಯ ಸಹಿ ಅಲ್ಲಿಂದ ಬಂದದ್ದು.

ಆಮ್‌ಸ್ಟರ್‌ಡ್ಯಾಮಿನಿಂದ ಮಕ್ಕಳನ್ನು ತಂದದ್ದು ಜೊಯ್ಡರ್‌ಜೇ ದಾಟಿಸಿ. 1932ರಲ್ಲಿ ಅಡ್ಡ ಕಟ್ಟೆ ಹಾಕಿ ಸಿಹಿನೀರಿನ ಸರೋವರ ಮಾಡುವ ತನಕ ಅದು ಸಮುದ್ರವೇ. ಹಡಗಿನಲ್ಲಿ ಬಂದವನು! ಮನೆತನ ನೋವನ್ನೆಲ್ಲ ಮರೆಸಿ ಹಡಗೊಂದನ್ನು ಉಳಿಸಿಕೊಂಡಿತ್ತು.

ಇಷ್ಟು ಅತ್ತೆಗೆ ಹೋದ ತಿಂಗಳೇ ಹೇಳಿದ್ದೆ. ಅವರು ಚಹಾದ ಕಪ್ಪನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತರು. "ನಾವು ಚಿಕ್ಕವರಿದ್ದಾಗ ಯಾರಾದರೂ ಫೇನ್‌ಹೊಯ್ಜೆನ್ ಅಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು," ಅಂದರು ಅಷ್ಟೇ. ಆ ಊರು ಮುಂದೆ ಪೂರ್ತಿ ಸೆರೆಮನೆಯ ಊರಾಯಿತು. ಅಲ್ಲಿಯ ನಂಟಿದೆ ಅಂತ ಹೇಳಿಕೊಳ್ಳುವುದು ಅವಮಾನ ಅಂತ ಸುತ್ತಲಿನ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿದ್ದವು. 2021ರಲ್ಲಿ ಯುನೆಸ್ಕೋ ಅದೇ ವಸಾಹತುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನನಗೆ ಇನ್ನೊಂದು ಎಳೆ ಬಿಡಿಸದೆ ಉಳಿದಿತ್ತು. ಆಗ ಇಲ್ಲಿಯ ಹಳ್ಳಿಗಳಲ್ಲಿ ಮಕ್ಕಳಿಗೆ ಹೆಸರಿಡುವ ಕ್ರಮ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಮೊದಲ ಮಗನಿಗೆ ಅಪ್ಪನ ಅಪ್ಪನದು, ಎರಡನೆಯವನಿಗೆ ಅವ್ವನ ಅಪ್ಪನದು. ಹೆಣ್ಣುಮಕ್ಕಳಲ್ಲಿ ಮೊದಲು ಅವ್ವನ ಅವ್ವ, ಆಮೇಲೆ ಅಪ್ಪನ ಅವ್ವ. ಈ ಮನುಷ್ಯನೂ ತಪ್ಪದೆ ಹಾಗೇ ಇಟ್ಟಿದ್ದಾನೆ. ಆದರೆ 1853ರಲ್ಲಿ ಹುಟ್ಟಿದ ಮೂರನೆಯ ಮಗಳ ಹೆಸರು ಹೆಂಡತಿಯ ಕಡೆ ಯಾರದೂ ಅಲ್ಲ, ಅವನ ಕಡೆಯ ಕಾಗದದಲ್ಲೂ ಇಲ್ಲ. ಆ ಮಗಳಿಂದ ಅವಳ ಮೊಮ್ಮಗಳೊಬ್ಬಳಿಗೆ, 1905ರಲ್ಲಿ ಹುಟ್ಟಿದವಳಿಗೆ, ಅವಳಿಂದ 1941ರಲ್ಲಿ ಅವಳ ಸೋದರ ಸೊಸೆಗೆ ಅದೇ ಹೆಸರು ಬಂತು. ಆ ಸೋದರ ಸೊಸೆಯೇ ನಮ್ಮ ಅತ್ತೆ. ಹೆಸರು ಇಲ್ಲಿ ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ.

ಇವತ್ತು ಅಸೆನ್‌ನ ಪ್ರಾಂತ್ಯದ ದಾಖಲಾಗಾರವಾದ ಡ್ರೆಂಟ್ಸ್ ಆರ್ಖೀಫ್‌ಗೆ ಹೋದದ್ದು ಅದಕ್ಕೇ. ಹಳೆಯ ಕೈಬರಹ ನನಗೆ ಇನ್ನೂ ತಡವರಿಸುತ್ತದೆ, ಓದಿ ಹೇಳಲು ಅಲ್ಲಿ ಜನ ಸಿಗುತ್ತಾರೆ. ಎದುರಿನ ಮೇಜಿನಲ್ಲಿದ್ದ ಹಿರಿಯರೊಬ್ಬರು ತಮ್ಮ ಕೆಲಸ ಬಿಟ್ಟು ನನ್ನ ಪರದೆಗೆ ಬಗ್ಗಿದರು. ಫೇನ್‌ಹೊಯ್ಜೆನ್‌ನ ಅನಾಥ ಮಕ್ಕಳ ಪಟ್ಟಿಯಲ್ಲಿ ನಮ್ಮ ಹುಡುಗ 1827ರಲ್ಲಿ ಬಂದದ್ದಿದೆ, ವಯಸ್ಸು ಒಂಬತ್ತು. ಅವನ ಕೆಳಗಿನ ಸಾಲು ಅದೇ ಮನೆತನದ ಹೆಸರು, ಅದೇ ದಿನ, ಆರು ವರ್ಷದ ಹುಡುಗಿ. ಪಕ್ಕದ ಅಂಕಣದಲ್ಲಿ ಒಂದೇ ಒಂದು ಪದ ಮತ್ತು ತಾರೀಖು. ಹಿರಿಯರು ಅದನ್ನು ಜೋರಾಗಿ ಓದಲಿಲ್ಲ, ನನ್ನ ಕಡೆ ನೋಡಿದರು.

ಫೇನ್‌ಹೊಯ್ಜೆನ್ ಸೇರಿದ್ದ ನೋರ್ಖ್ ಪಂಚಾಯಿತಿಯ ಮರಣ ದಾಖಲೆ ತೆಗೆಸಿದೆ. ಡ್ರೆಂಟೆಯ ಹಳ್ಳಿಗಳಲ್ಲಿ ಆಗ ಸಾವಾದಾಗ ಕಚೇರಿಗೆ ಹೋಗಿ ತಿಳಿಸುವುದು ನೆರೆಯವರ ಕೆಲಸವಾಗಿತ್ತು. ನಾವ್ಬರ್ ಅನ್ನುತ್ತಾರೆ. ನಾವ್ಬರ್ ಅಂದರೆ ಬರೀ ಪಕ್ಕದ ಮನೆಯವರಲ್ಲ. ಹೆರಿಗೆಗೆ ಬರುತ್ತಿದ್ದವರೂ ಅವರೇ, ಹೆಣ ಹೊರುತ್ತಿದ್ದವರೂ ಅವರೇ. ನೂರಾರು ಮರಣ ದಾಖಲೆಗಳಲ್ಲಿ "ನೆರೆಯವರು" ಅನ್ನುವ ಪದ ಓದಿ ಓದಿ ನನಗೆ ರೂಢಿಯಾಗಿಬಿಟ್ಟಿತ್ತು. ಈ ಮಗುವಿನ ದಾಖಲೆಯಲ್ಲಿ ಆ ಪದ ಇಲ್ಲ. ಸಂಸ್ಥೆಯ ಇಬ್ಬರು ನೌಕರರು ಬಂದು ಹೇಳಿದ್ದಾರೆ. ಬಂದು ಐದು ತಿಂಗಳಾಗಿತ್ತು. ಹೆಸರು ಸ್ಪಷ್ಟವಾಗಿದೆ. ಆ ಮೂರನೆಯ ಮಗಳ ಹೆಸರು.

ಫೇನ್‌ಹೊಯ್ಜೆನ್‌ನಲ್ಲಿದ್ದ ಕಟ್ಟಡಗಳು ಮೂರು. ಅಲ್ಲಿಯ ಸ್ಮಶಾನಕ್ಕೆ ಜನ ಇಟ್ಟ ಹೆಸರು "ನಾಲ್ಕನೆಯ ಸಂಸ್ಥೆ". ಅನಾಥರ, ಭಿಕ್ಷುಕರ ಗುಂಡಿಗಳ ಮೇಲೆ ಕಲ್ಲಿಲ್ಲ, ಬರೀ ಹುಲ್ಲು.

ರಾತ್ರಿ ಊಟವಾದ ಮೇಲೆ ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು, ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಇಪ್ಪತ್ತಾರು ವರ್ಷ ಆ ಮನುಷ್ಯ ತಂಗಿಯ ಹೆಸರನ್ನು ಒಳಗೆ ಇಟ್ಟುಕೊಂಡಿದ್ದು, ಕೊಡಲು ಒಬ್ಬ ಮಗಳು ಸಿಕ್ಕ ಕೂಡಲೇ ಕೊಟ್ಟಿದ್ದಾನೆ ಅಂದೆ.

"ಎಷ್ಟು ವಯಸ್ಸು?"

"ಆರು, ಅತ್ತೆ."

"ಕಲ್ಲು ಇಲ್ಲ ಅಂದೆ."

"ಇಲ್ಲ."

ಅವರ ಕಲ್ಲು ಆಗಲೇ ಇದೆ. ಮಾವ ತೀರಿಕೊಂಡಾಗಲೇ ಅವರ ಪಕ್ಕದಲ್ಲಿ ಅತ್ತೆಯ ಹೆಸರನ್ನೂ ಕೆತ್ತಿಸಿ, ಹುಟ್ಟಿದ ವರ್ಷ ಬರೆದು ಜಾಗ ಬಿಟ್ಟಿದ್ದಾರೆ.

"ನನ್ನ ಹೆಸರಿನ ಕೆಳಗೆ ಜಾಗ ಇದೆ ಅಲ್ಲವಾ. 1821–1827 ಅಂತ ಈಗಲೇ ಕೆತ್ತಿಸಬಹುದಾ? ಹೆಸರು ಹೇಗೂ ಅದೇ."

ನಾಳೆ ಬೆಳಿಗ್ಗೆ ಕಲ್ಲು ಕೆತ್ತುವವರಿಗೆ ಫೋನ್ ಮಾಡಬೇಕು.