ಸುರಂಗ ದಾಟುವ ಹೊತ್ತಿಗೆ

ಒಟಿಟಿ ಅಕೌಂಟ್ ಪುಣೆಯ ಅಣ್ಣನದು. ನೋಡುವವರು ಮುಂಬೈ ಹತ್ತಿರದ ಡೊಂಬಿವಲಿಯ ನಾವು, ಧಾರವಾಡದ ಅಕ್ಕನ ಮನೆಯವರು. ದುಡ್ಡು ಅಣ್ಣ ಕಟ್ಟುತ್ತಿದ್ದ, ಅಕ್ಕ ಶೇಂಗಾ ಚಟ್ನಿಪುಡಿ ಕಳಿಸಿ ಋಣ ತೀರಿಸುತ್ತಿದ್ದಳು. ಯಾರಿಗೂ ತಕರಾರಿರಲಿಲ್ಲ.

ಗಣೇಶ ಹಬ್ಬ ಮುಗಿದ ವಾರ, ಒಂದು ಸಂಜೆ ಅವ್ವ ಸಿನಿಮಾ ಹಚ್ಚು ಅಂದಳು. ಹಚ್ಚಿದರೆ, ಈ ಟಿವಿ ಅಕೌಂಟಿನವರ ಮನೆಯದ್ದಲ್ಲ, ಕೋಡ್ ಹಾಕಿ ಎಂದು ಬಂತು. ಕೋಡ್ ಹೋದದ್ದು ಅಣ್ಣನ ಇಮೇಲಿಗೆ. ಅವನೋ ಮುಂಬೈ ಕೆಲಸ ಮುಗಿಸಿ ಡೆಕ್ಕನ್ ಕ್ವೀನ್ ಹತ್ತಿದ್ದ, ಗಾಡಿ ಖಂಡಾಲಾ ಘಾಟಿನಲ್ಲಿತ್ತು. ಫೋನ್ ಎತ್ತಿದ, "ಸುರಂಗ ಬಂತು" ಅಂದ, ಕಟ್ಟಾಯಿತು. ಲೋಣಾವಳ ದಾಟಿ ಅವನು ಕೋಡ್ ಕಳಿಸುವಷ್ಟರಲ್ಲಿ ಅದರ ವಾಯಿದೆ ಮುಗಿದಿತ್ತು.

"ಯಾರ ಮನಿ ಅಂತ ಟಿವಿನೂ ಕೇಳಾಕತ್ತೈತೇನು?" ಅಂದಳು ಅವ್ವ.

ನಮ್ಮದು ಯಾವ ಕಂಪನಿ ಎಂಬುದು ಬೇಡ. ಈ ದಾರಿ ಹಾಕಿಕೊಟ್ಟದ್ದು ನೆಟ್‌ಫ್ಲಿಕ್ಸ್. ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂದು 2017ರಲ್ಲಿ ಟ್ವೀಟ್ ಮಾಡಿದ್ದೂ ಅದೇ, 2023ರ ಜುಲೈ 20ರಂದು ಭಾರತದಲ್ಲಿ ಒಂದು ಅಕೌಂಟ್ ಒಂದೇ ಮನೆಗೆ ಎಂದದ್ದೂ ಅದೇ. ಜಗತ್ತಿನಲ್ಲಿ 10 ಕೋಟಿಗೂ ಹೆಚ್ಚು ಮನೆಗಳು ಹೀಗೆ ಹಂಚಿಕೊಂಡು ನೋಡುತ್ತಿವೆ ಎಂಬುದು ಅವರ ಆಗಿನ ಅಳಲು. ಲೆಕ್ಕ ತಪ್ಪಲಿಲ್ಲ: ಆ ವರ್ಷದ ಕೊನೆಯ ಮೂರು ತಿಂಗಳಲ್ಲೇ 1.3 ಕೋಟಿ ಚಂದಾದಾರರು ಹೆಚ್ಚಾದರು.

ನಮ್ಮ ಮನೆಯ ಲೆಕ್ಕ ಬೇರೆಯೇ ಆಯಿತು. ನಮ್ಮಲ್ಲಿದ್ದು ಕಾಲೇಜು ಓದುವ ಅಕ್ಕನ ಮಗ, "ಮಾಮಾ, ಟೆಲಿಗ್ರಾಂನಾಗ ಐತಿ" ಎಂದು ಎದ್ದವನು, ಚಹಾ ಆರುವುದರೊಳಗೆ ಪೆನ್‌ಡ್ರೈವ್ ತಂದು ಟಿವಿಗೆ ಚುಚ್ಚಿದ. ಚಿತ್ರವೇನೋ ಸ್ವಚ್ಛವಾಗಿಯೇ ಇತ್ತು. ಆದರೆ ಮಗಳು ತವರು ಬಿಟ್ಟು ಹೊರಡುವ ದೃಶ್ಯದಲ್ಲಿ, ತಾಯಿಯ ಮುಖದ ಮೇಲೆಯೇ ಬೆಟ್ಟಿಂಗ್ ಆ್ಯಪಿನ ಹೆಸರು ಎಡದಿಂದ ಬಲಕ್ಕೆ ತೆವಳಿತು.

"ಅಳೋ ಹೊತ್ತಿನಾಗ ಇದೇನೋ, ಆಕಿ ಹಣಿ ಮ್ಯಾಲೆ ಜೂಜಾಟ?" ಎಂದು ಅವ್ವ ಬೈದಳು. ಬೈದುಕೊಂಡೇ ಕೊನೆಯವರೆಗೂ ನೋಡಿದಳು.

ಅದೇ 2023ರ ಜುಲೈ ಕೊನೆಗೆ ಸಂಸತ್ತು ಸಿನಿಮಾಟೋಗ್ರಾಫ್ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಕದ್ದು ಚಿತ್ರೀಕರಿಸಿ ಹರಿಬಿಟ್ಟರೆ 3 ವರ್ಷದವರೆಗೆ ಜೈಲು, ನಿರ್ಮಾಣ ವೆಚ್ಚದ ಶೇ. 5ರವರೆಗೂ ದಂಡ. ಹುಡುಗನಿಗೆ ಹೇಳಿದೆ. "ನಾ ಬರೇ ಇಳಿಸ್ಕೊಂಡೀನಿ" ಅಂದ.

ದುಡ್ಡೇ ಕಾರಣ ಎಂದು ನಾನು ಒಪ್ಪುವುದಿಲ್ಲ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ತನ್ನ ಬೇಸಿಕ್ ಪ್ಲಾನನ್ನು 499ರಿಂದ 199 ರೂಪಾಯಿಗೆ ಇಳಿಸಿತು. ಅಷ್ಟು ಕೊಡಲಾರದವರೇನಲ್ಲ ನಾವು. ಆದರೆ ಅವ್ವನಿಗೆ ಬೇಕಾದ ಕನ್ನಡ ಸಿನಿಮಾಗಳು ಒಂದು ಇಲ್ಲಿ, ಒಂದು ಅಲ್ಲಿ. ಡೊಂಬಿವಲಿಯ ಥಿಯೇಟರಿಗೆ ಬಂದರೂ ಆಡುವುದು ಒಂದೋ ಎರಡೋ ಷೋ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಎಲ್ಲ ಆ್ಯಪಿಗೂ ಕಟ್ಟಿ, ಮೇಲೆ ಕೋಡಿಗಾಗಿ ಅಣ್ಣನ ರೈಲು ಕಾಯುವ ಸಹನೆ ಯಾರಿಗಿದೆ? ಕಳ್ಳಪ್ರತಿ ಯಾರ ಮನೆ ಎಂದು ಕೇಳುವುದಿಲ್ಲ.

ಈಗ ಅಣ್ಣ ಒಂದಕ್ಕೆ, ನಾನು ಇನ್ನೊಂದಕ್ಕೆ ಕಟ್ಟುತ್ತಿದ್ದೇವೆ. ಬೇಕಾದ ಸಿನಿಮಾ ಮೂರನೆಯ ಆ್ಯಪಿನಲ್ಲಿ ಬಂದರೆ ಅವ್ವ ನನ್ನನ್ನು ಕೇಳುವುದಿಲ್ಲ, ಸೀದಾ ಮೊಮ್ಮಗನನ್ನೇ ಕೂಗುತ್ತಾಳೆ.